ಆ ಮಾಳಿಗೆ ಯಾರದು

ಶನಿವಾರ ರಾತ್ರಿ ಹತ್ತೂವರೆ. ಜುವಾರಿನಗರದ ತಗಡುಗಳ ಮೇಲೆ
ವಿಮಾನವೊಂದು ಹೊಟ್ಟೆ ತೋರಿಸುತ್ತ ಇಳಿದುಹೋಯಿತು.
ಗಾಳಿ ಈ ಕಡೆ ತಿರುಗಿದೆ, ಗೊಬ್ಬರ ಕಾರ್ಖಾನೆಯ ಘಾಟು
ಕಣ್ಣಿಗೇ ಬಂದು ಕೂತಿದೆ; ವೆಲ್ಡಿಂಗ್ ಮಾಡಿದ ಕಣ್ಣು, ಮೊದಲೇ ಕೆಂಪು.
ನಾಳೆ ಏಳಕ್ಕೆ ಆರಾಧನೆ. ಪ್ರಸಂಗ ನನ್ನ ಪಾಳಿ.

ಹಡಗುಕಟ್ಟೆಯ ಹಳೇ ಹಾಜರಿ ಪುಸ್ತಕದ ಹಿಂಬದಿಯಲ್ಲಿ
ಮೂರು ಮಾತು ಬರೆದಿಟ್ಟುಕೊಂಡಿದ್ದೆ:
ಹೊತ್ತು ತಂದ ನಾಲ್ವರ ನಂಬಿಕೆ.
ಕಾಲಿಗಿಂತ ಮುಂಚೆ ಪಾಪಕ್ಕೆ ಸಿಕ್ಕ ಕ್ಷಮೆ.
ಎದ್ದವನ ನಡಿಗೆ.
ನಡುವೆ ಒಂದು ಕಥೆ, ಕೊನೆಗೆ ಪ್ರಾರ್ಥನೆ,
ಇಪ್ಪತ್ತು ನಿಮಿಷಕ್ಕೆ ಅಳೆದು ಹೊಲಿದ ಅಂಗಿ.

ಸುವಾರ್ತಮ್ಮ ಜೋಳ ಹಸನು ಮಾಡುತ್ತ ಅಷ್ಟೂ ಕೇಳಿಸಿಕೊಂಡು
"ಎಲ್ಲಾ ಖರೆ ಬಿಡ್ರಿ. ಆ ಮಾಳಗಿ ಯಾರದು?"
ಅಂದಳು.

ಯಾರದೋ. ಬರೆದಿಲ್ಲ.
ಬರೆದವನಿಗೆ ಗುಂಪು ಕಂಡಿದೆ, ಬಾಗಿಲು ಕಿಕ್ಕಿರಿದದ್ದು ಕಂಡಿದೆ,
ಶಾಸ್ತ್ರಿಗಳ ಹೊಟ್ಟೆಯೊಳಗಿನ ಗೊಣಗಾಟವೂ ಕಂಡಿದೆ.
ಮನೆಯವನು ಕಂಡಿಲ್ಲ.

ನಮ್ಮಪ್ಪ ಬಾದಾಮಿ ಕಡೆ ಮಾಳಿಗೆ ಹಾಕುತ್ತಿದ್ದ.
ಜಂತಿಯ ಮೇಲೆ ಗಳ, ಗಳದ ಮೇಲೆ ಬೇವಿನ ಸೊಪ್ಪು,
ಸೊಪ್ಪಿನ ಮೇಲೆ ಕರಲು ಮಣ್ಣು;
ಮೊಣಕಾಲೂರಿ ಹಿಂದಹಿಂದಕ್ಕೆ ಸರಿಯುತ್ತ ಬಡಿಯುತ್ತಿದ್ದ.
"ಒಂದು ಕಡೆ ಕಿತ್ತರ ಎಂಟು ಕಡೆ ಸೋರತೈತಿ" ಅನ್ನುತ್ತಿದ್ದ.
ಹಾಸಿಗೆ ಇಳಿಯುವಷ್ಟು ತೂತೆಂದರೆ ಜಂತಿ ಎರಡಾದರೂ ಹೋದವು.
ಮಣ್ಣು ಕೂತವರ ತಲೆಯ ಮೇಲೆ, ಒಲೆಯ ಮೇಲಿನ ಗಡಿಗೆಯೊಳಗೆ,
ಮಾತಾಡುತ್ತಿದ್ದವನ ಗಡ್ಡದಲ್ಲಿ.
ಊರೆಲ್ಲ ದೇವರನ್ನು ಕೊಂಡಾಡುತ್ತ ಎದ್ದುಹೋದ ಮೇಲೆ
ಕಸಬರಿಗೆ ಯಾರ ಕೈಯಲ್ಲಿತ್ತು?

ಹೋದ ವರ್ಷ, ಮಳೆಗೆ ಇನ್ನೂ ವಾರವಿರುವಾಗ,
ತಾಡಪತ್ರಿ ಹೊದಿಸುತ್ತ ಎಲೀಷಪ್ಪ ತನ್ನ ಮನೆಯ ಮೇಲಿಂದ ಬಿದ್ದ.
ಅವನ ಗೋಡೆಗೆ ಬೆನ್ನು ಕೊಟ್ಟದ್ದು ನಮ್ಮ ಗೋಡೆ.
ಗಲ್ಲಿಯೋ, ಒಬ್ಬರು ಓರೆಯಾಗಿ ನಡೆಯುವಷ್ಟು.
ಬೆನ್ನು ಬಗ್ಗಿಸಬೇಡಿ ಎಂದು ಯಾರೋ ಕೂಗಿದರು.
ನಾಲ್ಕು ಹುಡುಗರು,
ಇಬ್ಬರು ನಮ್ಮ ಸಭೆಯವರು, ಒಬ್ಬ ಬೇಕರಿಯ ಮುನೀರ,
ಇನ್ನೊಬ್ಬನ ಹೆಸರು ಇವತ್ತಿಗೂ ಗೊತ್ತಿಲ್ಲ,
ನಮ್ಮ ಹಿಂಗೋಡೆಯ ತಗಡು ಕಿತ್ತು
ಹಲಗೆಯ ಮೇಲೆ ಅವನನ್ನು ಮಲಗಿಸಿಕೊಂಡು
ನಮ್ಮ ಒಲೆ ದಾಟಿ, ನಮ್ಮ ಹಾಸಿಗೆ ದಾಟಿ, ರಸ್ತೆಗೆ ಬಂದರು.

ಬಾಂಬೊಳಿ ಆಸ್ಪತ್ರೆಗೆ ಗಾಡಿ ಹೊರಟ ಮರುಗಳಿಗೆ
ನನ್ನ ಬಾಯಿಂದ ಬಂದ ಮಾತು:
"ಈ ತಗಡು ಯಾರು ಹಾಕಿಸಿಕೊಡತಾರ?"
ಕೇಳಿಸಿಕೊಂಡವಳು ಒಬ್ಬಳೇ.
ಈಗ ಮೊರದಲ್ಲಿ ಕಲ್ಲು ಹುಡುಕುತ್ತಿದ್ದಾಳೆ. ತಲೆ ಎತ್ತಿಲ್ಲ.

ಎಲೀಷಪ್ಪ ಎದ್ದು ನಡೆಯಲಿಲ್ಲ.
ಭಾನುವಾರ ಅದೇ ಹುಡುಗರು ಹೊತ್ತು ತಂದು
ಎರಡನೇ ಸಾಲಿನ ಪಕ್ಕದಲ್ಲಿ ಕೂರಿಸುತ್ತಾರೆ.
ಮುಗಿದ ಮೇಲೆ ಕೈ ಹಿಡಿದು "ಚಲೋ ಹೇಳಿದ್ರಿ" ಅನ್ನುತ್ತಾನೆ,
ಚಲೋ ಹೇಳದಿದ್ದಾಗಲೂ.
ನಾಳೆ ಅವನ ಎದುರು ನಿಂತು
ಏಳು, ಹಾಸಿಗೆ ಎತ್ತಿಕೋ ಎಂಬುದನ್ನು ಯಾವ ದನಿಯಲ್ಲಿ ಓದಲಿ?
ಜೋರಾಗಿ ಓದಿದರೆ ಹಂಗಿಸಿದಂತೆ,
ಮೆಲ್ಲಗೆ ಓದಿದರೆ ಮುಚ್ಚಿಟ್ಟಂತೆ.

ಮೂರನೆಯದನ್ನು ಹೊಡೆದುಹಾಕಿದೆ.
ಮೊದಲನೆಯದು ಆ ಹುಡುಗರದು, ನನ್ನದಲ್ಲ.
ಎರಡನೆಯದರ ಕೆಳಗೆ ಪೆನ್ನು ನಿಂತೇ ಇದೆ.

ತಗಡನ್ನು ಕೊನೆಗೆ ನಾನೇ ಬಡಿದೆ, ಸಿಟ್ಟಿನಲ್ಲಿ, ಎರಡು ಮೊಳೆ ಕಮ್ಮಿ.
ಆ ಸಂದಿನಿಂದ ಅವನ ಮನೆಯ ದೀಪ
ಬೆರಳಗಲ ಪಟ್ಟಿಯಾಗಿ ಪುಟದ ಮೇಲೆ ಬಿದ್ದಿದೆ.
ಅದರ ಹಿಂದೆಯೇ ದನಿ:
"ಇನ್ನೂ ಮಲಗಿಲ್ಲೇನ್ರಿ? ನಾಳೆ ಯಾವ ಭಾಗ?"

ಹೇಳಿದೆ.

ಆ ಕಡೆ ಸ್ವಲ್ಪ ಹೊತ್ತು ಬರೀ ಫ್ಯಾನಿನ ಸದ್ದು.
"ಓದ್ರಿ. ಮಾಳಗಿ ಕೀಳೋದು ಬಂದಾಗ
ಸಾವಕಾಶ ಓದ್ರಿ.
ಅದೊಂದು ನನಗ ಗೊತ್ತೈತಿ."